ಕಿಮೋ ಕೂಡ ಮರದ ತೊಗಟೆಯಿಂದಲೇ ಬಂದದ್ದು. ಅವರು ಲೆಕ್ಕ ಕೊಟ್ಟರು, ನೀವೂ ಕೊಡಿ

“ಹಿತ್ತಲ ಗಿಡ ಮದ್ದಲ್ಲ” ಅನ್ನೋ ಗಾದೆ ಈಗ ಹೊಸ ನೌಕರಿಗೆ ಸೇರಿಕೊಂಡಿದೆ. ಕ್ಯಾನ್ಸರ್‌ಗೆ ಬೇರು, ತೊಗಟೆ, ಎಲೆಪುಡಿ ಮಾರುವವರ ವಿಡಿಯೊಗಳು ಶುರುವಾಗುವುದೇ ಈ ಗಾದೆಯಿಂದ. ಮದ್ದು ನಮ್ಮ ಹಿತ್ತಲಲ್ಲೇ ಇದೆ, ನಮ್ಮ ಜನಕ್ಕೇ ಅದರ ಬೆಲೆ ಗೊತ್ತಿಲ್ಲ. ಇಂಗ್ಲಿಷ್ ಡಾಕ್ಟರು ಕೆಮಿಕಲ್ ಏರಿಸಿ ಸಾಯಿಸ್ತಾರೆ, ನಮ್ಮದು ಪ್ರಕೃತಿಯ ಮದ್ದು, ಸೈಡ್ ಎಫೆಕ್ಟ್ ಇಲ್ಲ. ಕೊನೆಗೆ ಒಂದು ಫೋನ್ ನಂಬರು. ಊರಿನ ವಾಟ್ಸ್ಆ್ಯಪ್ ಗ್ರೂಪಿಗೂ ಇದು ಬರುತ್ತದೆ, ಸ್ತ್ರೀಶಕ್ತಿ ಸಂಘದ ಗ್ರೂಪಿಗೂ ಬರುತ್ತದೆ, ಹಾಲಿನ ಡೇರಿ ಗ್ರೂಪಿಗೂ ಬರುತ್ತದೆ.

ಇದಕ್ಕೆ ಉತ್ತರ ಹೇಳಬೇಕಾದವರು ಡಾಕ್ಟರುಗಳು. ಅವರ ಬಾಗಿಲಲ್ಲಿ ಇನ್ನೂರು ಜನ ನಿಂತಿರುತ್ತಾರೆ, ಪುರುಸೊತ್ತಿಲ್ಲ. ಜಿಲ್ಲೆ ಸುತ್ತುವ ನಮ್ಮಂಥ ವರದಿಗಾರರಾದರೂ ಹೇಳಬೇಕು. ಯಾಕೆಂದರೆ ಈ ವಿಡಿಯೊ ನೋಡಿ ಅರ್ಧಕ್ಕೆ ಚಿಕಿತ್ಸೆ ಬಿಟ್ಟವರ ಮನೆಗಳಿಗೆ ಕೊನೆಗೆ ಹೋಗುವವರು ನಾವೇ.

ಕಿಮೋ ಗಿಡದ್ದಲ್ಲ ಅಂತ ಹೇಳಿದ್ದು ಯಾರು?

ನಿಮ್ಮ ಮನೆ ಮುಂದೆ ಕಾಶಿ ಕಣಗಿಲೆ ಗಿಡ ಇದೆಯಾ? ನಿತ್ಯಪುಷ್ಪ ಅಂತಲೂ ಕರೆಯುತ್ತಾರೆ, ಗುಲಾಬಿ ಬಣ್ಣದ ಐದೆಸಳಿನ ಹೂ. ಆ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಅನ್ನೋ ಔಷಧವನ್ನು ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಪಶ್ಚಿಮಘಟ್ಟದಲ್ಲಿ ದುರ್ವಾಸನೆ ಮರ ಅಂತ ಒಂದು ಮರ ಇದೆ, ಹೆಸರೇ ಅದರ ಗುಣ ಹೇಳುತ್ತದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಇದೆ ಅಂತ 1972ರಲ್ಲಿ ಮುಂಬೈನ ವಿಜ್ಞಾನಿಗಳು ತೋರಿಸಿದರು. ಕರುಳಿನ ಕ್ಯಾನ್ಸರ್‌ಗೆ ಕೊಡುವ ಒಂದು ಕಿಮೋ ಔಷಧವನ್ನು ತಯಾರಿಸುವುದು ಅದೇ ವಸ್ತುವಿನಿಂದ.

ಮೂರನೆಯದು ಯೂ ಮರ. ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್ ಇರುವವರ ಚೀಟಿಯಲ್ಲಿ ‘ಪ್ಯಾಕ್ಲಿಟ್ಯಾಕ್ಸೆಲ್’ ಅಂತ ಬರೆದಿದ್ದರೆ ಅದು ಈ ಮರದ ಮದ್ದು. ‘ಡೋಸಿಟ್ಯಾಕ್ಸೆಲ್’ ಅಂತಿದ್ದರೆ ಅದೂ ಇದೇ ಮರದ ಕುಲದ್ದು. ಗುಟ್ಕಾ ಜಗಿದು ಬಾಯಿ ಕ್ಯಾನ್ಸರ್ ಬಂದವರಿಗೂ ಎಷ್ಟೋ ಸಲ ಇದನ್ನು ಕೊಡುತ್ತಾರೆ.

ಆದ್ದರಿಂದ ‘ಅದು ಕೆಮಿಕಲ್, ಇದು ಗಿಡ’ ಅನ್ನೋ ಜಗಳವೇ ಸುಳ್ಳು. ಎರಡೂ ಕಡೆ ಗಿಡವೇ ಇದೆ. ಒಂದು ಕಡೆ ಲೆಕ್ಕ ಇದೆ, ಇನ್ನೊಂದು ಕಡೆ ಇಲ್ಲ. ವ್ಯತ್ಯಾಸ ಇಷ್ಟೇ. ಆ ಲೆಕ್ಕ ಅಂದರೆ ಏನು ಅಂತ ಯೂ ಮರದ ಕಥೆಯಲ್ಲೇ ನೋಡೋಣ.

ಮೂವತ್ತು ವರ್ಷದ ಲೆಕ್ಕ

1960ರಲ್ಲಿ ಅಮೆರಿಕದ ಸರ್ಕಾರ ಒಂದು ಕೆಲಸಕ್ಕೆ ಕೈ ಹಾಕಿತು. ಸಿಕ್ಕ ಸಿಕ್ಕ ಗಿಡಮರಗಳ ತುಂಡು ತಂದು, ಯಾವುದರಲ್ಲಾದರೂ ಕ್ಯಾನ್ಸರ್ ತಡೆಯುವ ಗುಣ ಇದೆಯಾ ಅಂತ ಪರೀಕ್ಷೆ ಮಾಡುವುದು. 1962ರ ಆಗಸ್ಟ್‌ನಲ್ಲಿ ಅಲ್ಲಿನ ಕೃಷಿ ಇಲಾಖೆಯ ಸಸ್ಯತಜ್ಞ ಆರ್ಥರ್ ಬಾರ್ಕ್ಲೆ ಎಂಬವರು ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಯೂ ಮರದ ತೊಗಟೆ ಕಿತ್ತು ಕಳಿಸಿದರು. ಆ ಮರಕ್ಕೆ ಆಗ ಮೂರು ಕಾಸಿನ ಬೆಲೆ ಇರಲಿಲ್ಲ. ಮರ ಕಡಿಯುವವರು ಕಸ ಅಂತ ಸುಟ್ಟು ಹಾಕುತ್ತಿದ್ದರು.

ತೊಗಟೆ ನಾರ್ತ್ ಕೆರೊಲಿನಾದ ಒಂದು ಸಂಶೋಧನಾ ಸಂಸ್ಥೆಗೆ ಹೋಯಿತು. ಅಲ್ಲಿ ಇದರ ಮೇಲೆ ಕೂತವರು ಇಬ್ಬರು, ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ಎರಡನೆಯವರು ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದವರು, ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿದವರು. ತೊಗಟೆಯಲ್ಲಿರುವ ಸಾವಿರ ವಸ್ತುಗಳಲ್ಲಿ ಕೆಲಸ ಮಾಡುವ ಒಂದನ್ನು ಬೇರ್ಪಡಿಸಿ, ಅದರ ರಚನೆ ಹೀಗಿದೆ ಅಂತ ಜಗತ್ತಿಗೆ ಹೇಳುವಾಗ 1971 ಆಗಿತ್ತು.

ಅದು ಹೇಗೆ ಕೆಲಸ ಮಾಡುತ್ತದೆ ಅಂತ 1979ರಲ್ಲಿ ಸೂಸನ್ ಹಾರ್ವಿಟ್ಜ್ ಎಂಬ ವಿಜ್ಞಾನಿ ತೋರಿಸಿದರು. ಮದುವೆ ಚಪ್ಪರ ನೆನಪಿಸಿಕೊಳ್ಳಿ. ಕಂಬ ಕಟ್ಟಬೇಕು, ಕೆಲಸ ಮುಗಿದ ಮೇಲೆ ಬಿಚ್ಚಬೇಕು. ನಮ್ಮ ದೇಹದ ಒಂದು ಜೀವಕೋಶ ಎರಡಾಗುವಾಗ ಒಳಗೆ ಇಂಥದೇ ಎಳೆಗಳ ಚಪ್ಪರ ಕಟ್ಟಿಕೊಳ್ಳುತ್ತದೆ, ಬಿಚ್ಚುತ್ತದೆ. ಕಾಶಿ ಕಣಗಿಲೆಯ ಔಷಧ ಆ ಚಪ್ಪರವನ್ನು ಕಟ್ಟಲು ಬಿಡುವುದಿಲ್ಲ. ಯೂ ಮರದ ಔಷಧ ಕಟ್ಟಿದ್ದನ್ನು ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ಕೋಶ ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಹುಚ್ಚೆದ್ದು ಎರಡಾಗುತ್ತಲೇ ಇರುತ್ತವೆ, ಅದಕ್ಕೇ ಅವು ಹೆಚ್ಚು ಸಾಯುತ್ತವೆ. ಕೂದಲಿನ ಬುಡದ ಕೋಶಗಳೂ ಬೇಗ ಬೇಗ ಎರಡಾಗುವಂಥವು, ಅದಕ್ಕೇ ಕೂದಲು ಉದುರುತ್ತದೆ. ಡಾಕ್ಟರು ವಿಷ ಹಾಕಿದ್ದಕ್ಕೆ ಸಾಕ್ಷಿ ಅಂತ ವಿಡಿಯೊದಲ್ಲಿ ತೋರಿಸುವ ಬೋಳು ತಲೆಯ ಹಿಂದಿನ ಕಾರಣ ಇದು. ಔಷಧ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ.

ಮನುಷ್ಯರ ಮೇಲೆ ಪರೀಕ್ಷೆ ಶುರುವಾದದ್ದು 1984ರಲ್ಲಿ. ಕೆಲವರಿಗೆ ಜೀವಕ್ಕೇ ಕುತ್ತು ಬರುವಂಥ ಅಲರ್ಜಿ ಆಯಿತು. ಈ ವಸ್ತು ನೀರಿನಲ್ಲಿ ಕರಗುವುದಿಲ್ಲ. ಅದಕ್ಕೆ ಹರಳೆಣ್ಣೆಯಿಂದ ಮಾಡಿದ ಒಂದು ದ್ರಾವಣ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ್ದರು. ಅಲರ್ಜಿಗೆ ಮುಖ್ಯವಾಗಿ ಆ ದ್ರಾವಣವೇ ಕಾರಣ ಅಂತ ಅನುಮಾನ ಬಂತು. ಮುಚ್ಚಿಡಲಿಲ್ಲ. ಮೊದಲೇ ಅಲರ್ಜಿ ತಡೆಯುವ ಮದ್ದು ಕೊಟ್ಟು, ನಿಧಾನವಾಗಿ ಏರಿಸಬೇಕು ಅಂತ ಕಂಡುಕೊಂಡರು. ಇವತ್ತಿಗೂ ಇಲ್ಲಿ ಕಿಮೋಗೆ ಮುಂಚೆ ಎರಡು ಮೂರು ಇಂಜೆಕ್ಷನ್ ಕೊಟ್ಟು ಕೂರಿಸುತ್ತಾರಲ್ಲ, “ಸುಮ್ನೆ ಬಿಲ್ ಮಾಡ್ತಾರೆ” ಅಂತ ಗೊಣಗುತ್ತೇವಲ್ಲ, ಅದರ ಕಾರಣ ಇದು.

ಈಗ ಅತಿ ಮುಖ್ಯವಾದ ಲೆಕ್ಕಕ್ಕೆ ಬನ್ನಿ. 1989ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಅಂಡಾಶಯದ ಕ್ಯಾನ್ಸರ್ ಇದ್ದ ಮಹಿಳೆಯರ ಫಲಿತಾಂಶ ಪ್ರಕಟಿಸಿದರು. ಲೆಕ್ಕಕ್ಕೆ ಸಿಕ್ಕವರು 40 ಜನ. ಗಡ್ಡೆ ಚೆನ್ನಾಗಿ ಕುಗ್ಗಿದ್ದು 12 ಜನಕ್ಕೆ. ಅಂದರೆ 28 ಜನಕ್ಕೆ ಹಾಗೆ ಕುಗ್ಗಲಿಲ್ಲ.

ಬೇರೆ ಔಷಧಗಳು ಸೋತಿದ್ದ ರೋಗದಲ್ಲಿ ನೂರಕ್ಕೆ ಮೂವತ್ತು ಅಂದರೆ ಆ ಕಾಲಕ್ಕೆ ದೊಡ್ಡ ಸುದ್ದಿ. ಆದರೆ ಆ 28ನ್ನೂ ಅವರು ಬರೆದಿಟ್ಟರು. ನನಗೆ ದೊಡ್ಡದಾಗಿ ಕಾಣುವುದು ಅದು. 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಅಂಡಾಶಯದ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟಿತು, 1994ರಲ್ಲಿ ಸ್ತನ ಕ್ಯಾನ್ಸರ್‌ಗೆ. ತೊಗಟೆ ಕಿತ್ತ ದಿನದಿಂದ ಮೊದಲ ಒಪ್ಪಿಗೆಗೆ ಮೂವತ್ತು ವರ್ಷ.

ಅದಾದ ಮೇಲೂ ಲೆಕ್ಕ ನಿಲ್ಲಲಿಲ್ಲ. ಆಪರೇಷನ್ ಆದ 3,121 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು, 2003ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹಳೆಯ ಕಿಮೋ ಕೊಟ್ಟರು, ಅರ್ಧ ಜನಕ್ಕೆ ಅದರ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಕೊಟ್ಟರು. ಐದು ವರ್ಷದ ಲೆಕ್ಕದಲ್ಲಿ, ಹಳೆಯ ಕಿಮೋ ಮಾತ್ರ ಪಡೆದವರಲ್ಲಿ ನೂರಕ್ಕೆ 77 ಜನ ಬದುಕಿದ್ದರು, ಯೂ ಮರದ ಔಷಧವೂ ಸಿಕ್ಕವರಲ್ಲಿ 80.

ನೂರಕ್ಕೆ ಮೂರು ಜನ ಹೆಚ್ಚು. ಯಾವ ವಿಡಿಯೊದವನೂ ಇಷ್ಟು ಸಣ್ಣ ಅಂಕಿ ಹೇಳುವುದಿಲ್ಲ, ಅವನದು ಯಾವಾಗಲೂ ನೂರಕ್ಕೆ ನೂರು. ಆದರೆ ಈ ಮೂರು ನಿಜವಾದ ಮೂರು. ನೂರು ಮನೆಗಳಲ್ಲಿ ಇನ್ನೂ ಮೂರು ಮನೆಯಲ್ಲಿ ತಾಯಿ ಬದುಕಿದ್ದಾಳೆ ಅಂತ ಅರ್ಥ.

ಒಂದು ಚಮಚ ಪುಡಿಯಲ್ಲಿ ಏನಿದೆ?

“ಹಾಗಾದರೆ ಆ ಮರದ ತೊಗಟೆಯನ್ನೇ ಕಷಾಯ ಮಾಡಿ ಕುಡಿದರೆ ಆಗಲ್ವಾ?” ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೂ ಅಂಕಿಯಲ್ಲೇ ಉತ್ತರ ಇದೆ.

1969ರ ಹೊತ್ತಿಗೆ ಸುಮಾರು 1,200 ಕೆ.ಜಿ. ತೊಗಟೆ ಅರೆದು, ಸೋಸಿ, ಶುದ್ಧ ಮಾಡಿದಾಗ ಸಿಕ್ಕ ಅಸಲು ಔಷಧ 10 ಗ್ರಾಂ. ನಮ್ಮ ಲೆಕ್ಕದಲ್ಲಿ ಹೇಳಿದರೆ 12 ಕ್ವಿಂಟಾಲ್ ತೊಗಟೆಗೆ ಒಂದು ತೊಲಕ್ಕಿಂತ ಕಡಿಮೆ. ಸಾಧಾರಣ ಮೈಕಟ್ಟಿನ ಹೆಂಗಸಿಗೆ ಮೂರು ವಾರಕ್ಕೊಮ್ಮೆ ಕೊಡುವ ಒಂದು ಡೋಸ್ ಸುಮಾರು ಕಾಲು ಗ್ರಾಂಗಿಂತ ಸ್ವಲ್ಪ ಹೆಚ್ಚು. ಆ ಹಳೆಯ ಲೆಕ್ಕದಲ್ಲಿ ನೋಡಿದರೆ ಒಂದು ಡೋಸಿಗೆ ಮೂವತ್ತು ಕೆ.ಜಿ.ಗೂ ಹೆಚ್ಚು ತೊಗಟೆ ಬೇಕು. ಚಮಚದಲ್ಲಿ ಕುಡಿಯುವ ಮಾತಲ್ಲ ಇದು. ಕುಡಿದರೂ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ, ಅದಕ್ಕೇ ನರದ ಮೂಲಕ ಏರಿಸುವುದು.

ಇನ್ನೂ ಒಂದು ವಿಷಯ ಇದೆ. ಯೂ ಮರದ ಹಣ್ಣಿನ ಕೆಂಪು ತಿರುಳು ಬಿಟ್ಟರೆ ಎಲೆ, ತೊಗಟೆ, ಬೀಜ ಎಲ್ಲವೂ ವಿಷ. ಟ್ಯಾಕ್ಸಿನ್ ಎಂಬ ಇನ್ನೊಂದು ವಸ್ತು ಅದರಲ್ಲಿದೆ, ಅದು ನೇರ ಹೃದಯಕ್ಕೆ ಹೊಡೆಯುತ್ತದೆ. ಎರಡು ಸಾವಿರ ವರ್ಷದ ಹಿಂದೆ ರೋಮನ್ನರಿಗೆ ಸೋತ ಕ್ಯಾಟುವೊಲ್ಕಸ್ ಎಂಬ ರಾಜ ಯೂ ಮರದ ವಿಷದಿಂದ ಜೀವ ಕಳೆದುಕೊಂಡ ಅಂತ ಜೂಲಿಯಸ್ ಸೀಸರನೇ ಬರೆದಿದ್ದಾನೆ. ಯುರೋಪಿನಲ್ಲಿ ಇಂದಿಗೂ ಬೇಲಿಯಿಂದ ಕತ್ತರಿಸಿ ಎಸೆದ ಯೂ ಸೊಪ್ಪು ತಿಂದು ದನ, ಕುದುರೆ ಸಾಯುತ್ತವೆ. ಪ್ರಕೃತಿಯ ಮದ್ದು ಅಂದರೆ ಸೈಡ್ ಎಫೆಕ್ಟ್ ಇಲ್ಲ ಅನ್ನುವವರು ಆ ದನಗಳನ್ನು ಕೇಳಬೇಕು. ನಾವು ದನ ಕಾಯುವವರ ಮಕ್ಕಳು. ಹೊಲದ ಬದುವಿನ ಯಾವ ಸೊಪ್ಪು ಮೇದರೆ ಎಮ್ಮೆ ಹೊಟ್ಟೆ ಉಬ್ಬುತ್ತದೆ ಅಂತ ನಮಗೆ ಗೊತ್ತು. ಹಸಿರಾಗಿದ್ದ ಮಾತ್ರಕ್ಕೆ ಒಳ್ಳೆಯದಲ್ಲ ಅನ್ನೋದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಫೋನ್ ಕೈಗೆ ಬಂದಾಗ ಮರೆಯುತ್ತೇವೆ.

ಹೆಸರಿನ ಮೋಸವೂ ಇದೆ. ಹಿಮಾಲಯದಲ್ಲಿಯೂ ಯೂ ಮರ ಬೆಳೆಯುತ್ತದೆ. ಗ್ರಂಥಿಗೆ ಅಂಗಡಿಗಳಲ್ಲಿ ‘ತಾಲೀಸಪತ್ರ’ ಅಂತ ಮಾರುವುದರಲ್ಲಿ ಕೆಲವೊಮ್ಮೆ ಇದರ ಎಲೆ ಇರುತ್ತದೆ, ಕೆಲವೊಮ್ಮೆ ಬೇರೆಯೇ ಮರದ ಎಲೆ ಇರುತ್ತದೆ. ಒಂದೇ ಹೆಸರು, ಎರಡು ಮರ. ಪುಡಿ ಮಾಡಿದ ಮೇಲೆ ಯಾವುದು ಯಾವುದು ಅಂತ ಹೇಳುವವರಾರು?

“ಒಬ್ರಿಗೆ ವಾಸಿ ಆಗಿದೆ ಕಣಣ್ಣ”

ನಮ್ಮ ಹೋಬಳಿಯ ಒಬ್ಬ ಹೆಂಗಸಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಯಿತು. ವಾರಕ್ಕೊಂದರಂತೆ 12 ಸಲ ಕಿಮೋ ಅಂತ ಬರೆದುಕೊಟ್ಟರು. 4 ಮುಗಿಸಿ ಬಿಟ್ಟರು. ಕೈಬೆರಳು ಜೋಮು ಹಿಡಿದು ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು, ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ತೊಗಟೆ ತಂದುಕೊಟ್ಟರು. ಅವರ ಗಂಡನನ್ನು ಮಾತಾಡಿಸಿದೆ. “ಆ ಇಂಜೆಕ್ಷನ್ನು ಕೆಮಿಕಲ್ಲು ಕಣಣ್ಣ, ಇದು ಮರದ್ದು. ಪಕ್ಕದೂರಿನ ಒಬ್ರಿಗೆ ವಾಸಿ ಆಗಿದೆಯಂತೆ” ಅಂದರು. ಆ ಇಂಜೆಕ್ಷನ್ನೂ ಮರದ್ದೇ ಅಂತ ಹೇಳಿದೆ. ನಂಬಲಿಲ್ಲ. ಯಾಕೆ ನಂಬಬೇಕು? ಆಸ್ಪತ್ರೆಯಲ್ಲಿ ಯಾರೂ ಅವರಿಗೆ ಹೇಳಿರಲೇ ಇಲ್ಲ. ಆರೇಳು ತಿಂಗಳಿಗೆ ಗಡ್ಡೆ ಮತ್ತೆ ಎದ್ದಿತು. ಆ ತೊಗಟೆಯವರು ಫೋನ್ ಎತ್ತುವುದನ್ನು ಬಿಟ್ಟರು.

‘ಒಬ್ಬರಿಗೆ ವಾಸಿಯಾಗಿದೆ’ ಅನ್ನೋ ಮಾತಿನಲ್ಲೇ ಮೋಸ ಇದೆ. ಬದುಕಿದವರು ವಿಡಿಯೊದಲ್ಲಿ ಮಾತಾಡುತ್ತಾರೆ. ಸತ್ತವರು ಮಾತಾಡುವುದಿಲ್ಲ. ಬದುಕಿದವರಲ್ಲೂ ಎಷ್ಟೋ ಜನ ಮೊದಲು ಆಪರೇಷನ್ ಮಾಡಿಸಿಕೊಂಡಿರುತ್ತಾರೆ, ‘ಕರೆಂಟ್’ ಕೊಡಿಸಿಕೊಂಡಿರುತ್ತಾರೆ. ಆಮೇಲೆ ಪುಡಿ ತಿಂದಿರುತ್ತಾರೆ. ಹೆಸರು ಮಾತ್ರ ಪುಡಿಗೆ. ಕೆಲವರಿಗೆ ಕ್ಯಾನ್ಸರ್ ಇದ್ದದ್ದೇ ಖಚಿತವಿರುವುದಿಲ್ಲ, ತುಂಡು ತೆಗೆದು ಪರೀಕ್ಷೆ ಮಾಡಿಸಿರುವುದಿಲ್ಲ.

2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಒಂದು ಲೆಕ್ಕ ಪ್ರಕಟಿಸಿದರು. ಬೇರೆ ಕಡೆ ಹರಡದ ಕ್ಯಾನ್ಸರ್ ಇದ್ದು, ಆಸ್ಪತ್ರೆ ಚಿಕಿತ್ಸೆ ಬೇಡ ಅಂತ ಬರೀ ಪರ್ಯಾಯ ಮದ್ದು ಹಿಡಿದ 281 ಜನರನ್ನು, ಅಂಥದೇ ಕಾಯಿಲೆಗೆ ಆಸ್ಪತ್ರೆ ಚಿಕಿತ್ಸೆ ಪಡೆದ 560 ಜನರ ಪಕ್ಕ ಇಟ್ಟು ನೋಡಿದರು. ಪರ್ಯಾಯ ಹಿಡಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ಐದೂವರೆ ಪಟ್ಟಿಗೂ ಹೆಚ್ಚು. ಅವರೆಲ್ಲ ಅಮೆರಿಕದವರು, ಎಷ್ಟೋ ಜನ ಓದಿದವರು, ದುಡ್ಡಿದ್ದವರು. ಮೋಸ ಹೋಗುವುದಕ್ಕೆ ಹಳ್ಳಿಯವರೇ ಆಗಬೇಕಾಗಿಲ್ಲ.

ಲಕ್ಷ್ಮಣಫಲದ ಕಥೆಯೂ ಇದೇ. ಅದರ ಎಲೆ ಕಿಮೋಗಿಂತ ಸಾವಿರ ಪಟ್ಟು ಶಕ್ತಿ ಅಂತ ಮೆಸೇಜ್ ಹರಿದಾಡಿ, ನಮ್ಮ ಕಡೆ ನರ್ಸರಿಗಳಲ್ಲಿ ಸಸಿಗೆ ಬೇಡಿಕೆ ಬಂತು. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶದ ಮೇಲೆ ಅದರ ಸಾರ ಹಾಕಿದಾಗ ಕೋಶ ಸತ್ತದ್ದು ನಿಜ. ತಟ್ಟೆಯ ಮೇಲೆ ಸೀಮೆಎಣ್ಣೆ ಹಾಕಿದರೂ ಸಾಯುತ್ತದೆ. ಮನುಷ್ಯರ ಕ್ಯಾನ್ಸರನ್ನು ಅದು ವಾಸಿ ಮಾಡುತ್ತದೆ ಅಂತ ಯಾವ ಪರೀಕ್ಷೆಯೂ ತೋರಿಸಿಲ್ಲ. ಬದಲಿಗೆ, ಗ್ವಾಡಲೂಪ್ ಎಂಬ ದ್ವೀಪದಲ್ಲಿ ಈ ಜಾತಿಯ ಹಣ್ಣು, ಎಲೆಯ ಕಷಾಯ ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್‌ನಂಥ ನರದ ಕಾಯಿಲೆ ಕಾಣಿಸಿಕೊಂಡಿದೆ, ಎರಡಕ್ಕೂ ಸಂಬಂಧ ಇರಬಹುದು ಅಂತ 1999ರಲ್ಲೇ ವೈದ್ಯರು ಎಚ್ಚರಿಸಿದ್ದರು. ಆ ಮೆಸೇಜ್ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ನಮ್ಮ ಪತ್ರಿಕೆಗಳಿಗೂ ಒಂದು ಮಾತು

1954ರಿಂದ ಈ ದೇಶದಲ್ಲಿ ಒಂದು ಕಾನೂನು ಇದೆ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ತಡೆ ಕಾಯ್ದೆ. ಯಾವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅಂತ ಅದರಲ್ಲಿ ಪಟ್ಟಿ ಇದೆ. ಕ್ಯಾನ್ಸರ್ ಆ ಪಟ್ಟಿಯಲ್ಲಿದೆ. ತಪ್ಪಿತಸ್ಥರು ಜಾಹೀರಾತು ಕೊಟ್ಟವರು ಮಾತ್ರವಲ್ಲ, ಅದರ ಪ್ರಕಟಣೆಯಲ್ಲಿ ಪಾಲ್ಗೊಂಡವರೂ ಹೌದು. ಜೈಲಿಗೂ ಅವಕಾಶ ಇದೆ.

ಹಾಗಾದರೆ ಇವು ಅಚ್ಚಾಗುವುದು ಹೇಗೆ? ನಮ್ಮ ವೃತ್ತಿಯ ಒಳಗಿನ ಮಾತು ಹೇಳುತ್ತೇನೆ. ಜಿಲ್ಲೆ, ತಾಲ್ಲೂಕು ಮಟ್ಟದ ಸ್ಟ್ರಿಂಗರ್‌ಗಳಿಗೆ ಸುದ್ದಿಗೆ ಸಿಗುವುದು ಪೆಟ್ರೋಲಿಗೂ ಸಾಲದು. ಹಬ್ಬ ಬಂದರೆ ಪುರವಣಿಗೆ ಇಷ್ಟು ಜಾಹೀರಾತು ತರಬೇಕು ಅಂತ ಟಾರ್ಗೆಟ್ ಕೊಡುತ್ತಾರೆ. ಕೆಲವು ವರ್ಷದ ಹಿಂದೆ ನಾನು ಬರೆಯುತ್ತಿದ್ದ ಪತ್ರಿಕೆಯೊಂದರಲ್ಲಿ, ಕ್ಯಾನ್ಸರ್ ಗ್ಯಾರಂಟಿ ವಾಸಿ ಅಂತ ಹೇಳುವವರಿಂದ ಜಾಹೀರಾತು ತರಲು ಹೇಳಿದರು. ನಾನು ಆಗುವುದಿಲ್ಲ ಅಂದೆ. ಇನ್ನೊಬ್ಬರು ತಂದರು. ಜಿಲ್ಲಾಸ್ಪತ್ರೆಯಲ್ಲಿ ಔಷಧ ಕೊರತೆ ಅಂತ ನಾನು ಬರೆದ ಸುದ್ದಿ ಮೇಲೆ, ಅದರ ಕೆಳಗೇ ಆ ಜಾಹೀರಾತು. ಆ ತಿಂಗಳಿಂದ ನನ್ನ ಸುದ್ದಿಗಳು ಒಳಪುಟಕ್ಕೆ ಸರಿದವು. ನನಗಾದ ನಷ್ಟ ಅಷ್ಟೇ, ಬಿಡಿ. ಆದರೆ ಮೇಲಿನ ಸುದ್ದಿ ಓದಿ ಆಸ್ಪತ್ರೆ ಮೇಲೆ ನಂಬಿಕೆ ಕಳಕೊಂಡ ಓದುಗ, ಕೆಳಗಿನ ನಂಬರಿಗೆ ಫೋನ್ ಮಾಡಿದರೆ ಅದಕ್ಕೆ ಯಾರು ಹೊಣೆ?

ಸಂಪಾದಕರೇ, ಚಾನೆಲ್‌ನವರೇ, ಯೂಟ್ಯೂಬ್‌ನಲ್ಲಿ ಮೈಕ್ ಹಿಡಿದು ‘ಪವಾಡ ವೈದ್ಯ’ರ ಸಂದರ್ಶನ ಮಾಡುವ ಗೆಳೆಯರೇ, ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಎಷ್ಟು ಜನಕ್ಕೆ ಕೊಟ್ಟಿರಿ, ಎಷ್ಟು ಜನ ಐದು ವರ್ಷ ಬದುಕಿದರು, ಪುಸ್ತಕ ತೋರಿಸಿ. ಮನ್ಸುಖ್ ವಾಣಿ ಕೊಟ್ಟರು, ಹಾರ್ವಿಟ್ಜ್ ಕೊಟ್ಟರು, 28 ಜನಕ್ಕೆ ಫಲ ಕಾಣಲಿಲ್ಲ ಅಂತ ಜಾನ್ಸ್ ಹಾಪ್ಕಿನ್ಸ್‌ನವರು ಕೊಟ್ಟರು. ನಿಮ್ಮ ವೈದ್ಯರು ಕೊಡಲಿ. ಅವರ ಮರದಲ್ಲಿ ನಿಜವಾಗಿ ಗುಣ ಇದ್ದರೆ ಇನ್ನೊಂದು ಯೂ ಮರ ಸಿಕ್ಕಿದಂತೆ. ಪರೀಕ್ಷೆಗೆ ಕೊಡದೆ ಬಚ್ಚಿಡುವುದೇ ನಾಡಿಗೆ ಮಾಡುವ ದ್ರೋಹ. ಗುಟ್ಟಿನ ಮದ್ದು ಅನ್ನೋ ಮಾತಿಗೆ ಒಂದೇ ಅರ್ಥ, ಲೆಕ್ಕ ಕೊಡಲು ಮನಸ್ಸಿಲ್ಲ.

ಕಂಪನಿಗಳ ಲೂಟಿಯ ಮಾತು

“ಡಾಕ್ಟರು, ಕಂಪನಿ ಸೇರಿ ಲೂಟಿ ಮಾಡ್ತಾರೆ” ಅನ್ನೋ ಮಾತಿಗೆ ನಾನು ಅಲ್ಲಗಳೆದು ಉತ್ತರ ಕೊಡುವುದಿಲ್ಲ. ಯೂ ಮರದ ಔಷಧದಲ್ಲೇ ಅದಕ್ಕೆ ಪುರಾವೆ ಇದೆ. ಕಂಡುಹಿಡಿದದ್ದು ಸರ್ಕಾರದ ದುಡ್ಡಿನಲ್ಲಿ. 1991ರಲ್ಲಿ ಅದನ್ನು ಮಾರುಕಟ್ಟೆಗೆ ತರಲು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಎಂಬ ಕಂಪನಿಯ ಜೊತೆ ಒಪ್ಪಂದ ಆಯಿತು. ವಿಜ್ಞಾನಿಗಳು ಇಟ್ಟಿದ್ದ ‘ಟ್ಯಾಕ್ಸಾಲ್’ ಅನ್ನೋ ಹೆಸರನ್ನೂ ಕಂಪನಿ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕರು 2003ರಲ್ಲಿ ಕೊಟ್ಟ ವರದಿ ಪ್ರಕಾರ, 2002ರವರೆಗೆ ಕಂಪನಿ ಮಾರಿದ್ದು 900 ಕೋಟಿ ಡಾಲರ್. ಸರ್ಕಾರಿ ಆರೋಗ್ಯ ಸಂಸ್ಥೆಗೆ ಸಿಕ್ಕ ರಾಯಧನ ಮೂರೂವರೆ ಕೋಟಿ ಡಾಲರ್.

ಇದು ಅನ್ಯಾಯ. ಆದರೆ ಅನ್ಯಾಯ ಬೆಲೆಯಲ್ಲಿದೆ, ಔಷಧದಲ್ಲಿ ಇಲ್ಲ. ಗೊಬ್ಬರದ ಅಂಗಡಿಯವನು ಬ್ಲ್ಯಾಕ್‌ನಲ್ಲಿ ಮಾರಿದ ಅಂತ ನಾವು ಯೂರಿಯಾ ಬದಲು ಉಪ್ಪು ಎರಚುವುದಿಲ್ಲ, ಬೆಲೆಗಾಗಿ ಧರಣಿ ಕೂರುತ್ತೇವೆ. ಪೇಟೆಂಟ್ ಹಿಡಿತ ತಪ್ಪಿದ ಮೇಲೆ ಈಗ ಹತ್ತಾರು ಭಾರತೀಯ ಕಂಪನಿಗಳು ಪ್ಯಾಕ್ಲಿಟ್ಯಾಕ್ಸೆಲ್ ಮಾಡುತ್ತವೆ, ನಮ್ಮ ಬೆಂಗಳೂರಿನದೂ ಸೇರಿ. ಅದು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅಂದರೆ ಸರ್ಕಾರ ಅದಕ್ಕೆ ಗರಿಷ್ಠ ಬೆಲೆ ಕಟ್ಟುತ್ತದೆ. ಪಟ್ಟಿಯ ಹೊರಗಿದ್ದ 42 ಕ್ಯಾನ್ಸರ್ ಔಷಧಗಳ ಮೇಲಿನ ವ್ಯಾಪಾರದ ಲಾಭಕ್ಕೆ 2019ರಲ್ಲಿ ನೂರಕ್ಕೆ 30ರ ಮಿತಿ ಹಾಕಿದರು. ಇವೆಲ್ಲ ಕೇಳಿ ಪಡೆದದ್ದು. ಇನ್ನೂ ಕೇಳಬೇಕು. ತೊಗಟೆ ಮಾರುವವನ ಬೆಲೆಗೆ ಯಾವ ಮಿತಿ ಇದೆ? ಬಿಲ್ ಕೊಡುತ್ತಾನಾ?

ಕಾಡಿನ ಲೆಕ್ಕವನ್ನೂ ಕೇಳಲೇಬೇಕು. ತೊಗಟೆ ಸುಲಿದರೆ ಯೂ ಮರ ಸಾಯುತ್ತದೆ. ಒಂದು ಕೆ.ಜಿ. ಔಷಧಕ್ಕೆ ಸುಮಾರು ಮೂರು ಸಾವಿರ ಮರ ಬೇಕು ಅಂತ ಅಂದಾಜಿದ್ದಾಗ ಅಮೆರಿಕದಲ್ಲೇ ಗಲಾಟೆ ಎದ್ದಿತು. ಆಗ ಫ್ರಾನ್ಸ್‌ನ ಪಿಯರ್ ಪೋಟಿಯೆ, ಅಮೆರಿಕದ ರಾಬರ್ಟ್ ಹೋಲ್ಟನ್ ಮುಂತಾದವರು ಮರ ಕಡಿಯದೆ, ಎಲೆ ಮಾತ್ರ ಕೊಯ್ದು ಅದರಿಂದ ಔಷಧ ಮಾಡುವ ದಾರಿ ಹುಡುಕಿದರು. ಸೊಪ್ಪು ಮತ್ತೆ ಚಿಗುರುತ್ತದೆ. ಈಗ ಮರದ ಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿಯೂ ಮಾಡುತ್ತಾರೆ. ಅಷ್ಟರಲ್ಲಿ ಹಿಮಾಲಯದ ಯೂ ಮರಕ್ಕೆ ಆಗಬೇಕಾದ ಹಾನಿ ಆಗಿಹೋಗಿತ್ತು, ಇವತ್ತು ಅದು ಅಳಿವಿನಂಚಿನ ಮರಗಳ ಪಟ್ಟಿಯಲ್ಲಿದೆ. ನಮ್ಮ ಘಟ್ಟದ ದುರ್ವಾಸನೆ ಮರವನ್ನೂ ಹೀಗೇ ಲಾರಿಗಟ್ಟಲೆ ಕಡಿದು ಸಾಗಿಸಿದರು. ಈಗ ಮನೆಮದ್ದಿನ ಹೆಸರಲ್ಲಿ ಸಿಕ್ಕ ಸಿಕ್ಕ ಮರದ ತೊಗಟೆ ಸುಲಿದರೆ ರೋಗಿಯೂ ಹೋಗುತ್ತಾನೆ, ಮರವೂ ಹೋಗುತ್ತದೆ.

ತೊಗಟೆಗೆ ದಾರಿ ಮಾಡಿಕೊಟ್ಟವರು

ಜನ ಮೂಢರಾಗಿ ಅಲ್ಲಿಗೆ ಹೋಗುತ್ತಿಲ್ಲ. ತೊಗಟೆಯವರು ಮನೆ ಬಾಗಿಲಿಗೆ ಬರುತ್ತಾರೆ, ‘ಅಮ್ಮ’ ಅಂತ ಕರೆಯುತ್ತಾರೆ, ಅರ್ಧ ಗಂಟೆ ಕೂತು ಮಾತಾಡುತ್ತಾರೆ. ಆಸ್ಪತ್ರೆಯಲ್ಲಿ ಎರಡು ನಿಮಿಷ, ಇಂಗ್ಲಿಷ್ ಚೀಟಿ, ಮುಂದಿನ ವಾರ ಬನ್ನಿ. ವಾರ ವಾರ ಬೆಂಗಳೂರಿನ ಕಿದ್ವಾಯಿಗೆ ಹೋಗಿ ಬರಬೇಕೆಂದರೆ ರಾತ್ರಿ ಬಸ್ಸು, ಜೊತೆಗೊಬ್ಬರು, ಎರಡು ದಿನದ ಕೂಲಿ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕ್ಯಾನ್ಸರ್ ಅದರೊಳಗೆ ಬರುತ್ತದೆ. ಔಷಧ ಪುಕ್ಕಟೆ ಸಿಕ್ಕರೂ ದಾರಿ ಖರ್ಚು ಯಾರು ಕೊಡುತ್ತಾರೆ?

2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವ ಡೇ ಕೇರ್ ಕಿಮೋ ಕೇಂದ್ರ ಶುರು ಮಾಡಿತು. ಕೇಂದ್ರ ಸರ್ಕಾರ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಮಾಡುತ್ತೇವೆ ಅಂತ ಅದೇ ವರ್ಷದ ಬಜೆಟ್‌ನಲ್ಲಿ ಹೇಳಿದೆ. ಒಳ್ಳೆಯದು. ಆದರೆ ಬೋರ್ಡು ಹಾಕಿದರೆ ಸಾಲದು. ಔಷಧ ಸ್ಟಾಕ್ ಇದೆಯಾ, ನುರಿತ ನರ್ಸ್ ಇದ್ದಾರಾ, ಕನ್ನಡದಲ್ಲಿ ಕೂರಿಸಿ ಹೇಳುವವರು ಇದ್ದಾರಾ? ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುತ್ತೇವೆ. ಇದನ್ನೂ ಕೇಳಿ. ಶಾಸಕರು ಮದುವೆಗೆ ಬಂದಾಗ ಕೇಳಿ. ನಿಮ್ಮ ಜಿಲ್ಲೆಯಲ್ಲಿ ಕೇಂದ್ರ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಇವತ್ತೇ ವಿಚಾರಿಸಿ.

ಈಗ ಕಿಮೋ ನಡೆಯುತ್ತಿರುವ ಮನೆಯವರಿಗೆ ಕೆಲವು ಮಾತು:

ಕೈಕಾಲು ಜೋಮು ಹಿಡಿದರೆ ಸುಮ್ಮನಿರಬೇಡಿ, ಡಾಕ್ಟರಿಗೆ ಹೇಳಿ. ಡೋಸ್ ಇಳಿಸಬಹುದು, ಬದಲಿಸಬಹುದು. ನೀವಾಗಿ ನಿಲ್ಲಿಸಬೇಡಿ.

ಕಿಮೋ ಆದ ದಿನಗಳಲ್ಲಿ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಬಿಳಿ ರಕ್ತಕಣ ಕಡಿಮೆಯಾದಾಗ ಸೋಂಕು ಪ್ರಾಣಕ್ಕೆ ಬರುತ್ತದೆ.

ಯಾವ ಪುಡಿ, ಕಷಾಯ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಮುಚ್ಚಿಡಬೇಡಿ. ಬೈದರೂ ಪರವಾಗಿಲ್ಲ. ಈ ಔಷಧವನ್ನು ದೇಹದಿಂದ ಕಳಿಸುವುದು ಲಿವರ್. ಗೊತ್ತಿಲ್ಲದ ಪುಡಿ ಆ ಲಿವರಿನ ಕೆಲಸ ಕೆಡಿಸಬಹುದು.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೆ. ಹೋಗಿ ಮಾಡಿಸಿಕೊಳ್ಳಿ. ಬೇಗ ಸಿಕ್ಕರೆ ಬದುಕುವ ಲೆಕ್ಕ ತುಂಬ ಮೇಲೇರುತ್ತದೆ.

ಮತ್ತೆ ಆ ವಿಡಿಯೊ ಗ್ರೂಪಿಗೆ ಬಂದಾಗ ಜಗಳ ಆಡಬೇಡಿ. ಕೆಳಗೆ ಒಂದೇ ಸಾಲು ಬರೆಯಿರಿ: “ಎಷ್ಟು ಜನಕ್ಕೆ ಕೊಟ್ಟಿರಿ, ಎಷ್ಟು ಜನಕ್ಕೆ ವಾಸಿ ಆಗಲಿಲ್ಲ?” ಎರಡನೇ ಅಂಕಿ ಹೇಳದವರ ನಂಬರನ್ನು ಅಲ್ಲೇ ಅಳಿಸಿ ಹಾಕಿ.